ರಾತ್ರಿ ಎಂಟರ ಮೌನಕ್ಕೆ ಮಂಗಳೂರು, ಉಡುಪಿಯಿಂದ ಹತ್ತೊಂಬತ್ತು ಮಂದಿ: ನನ್ನ ಅನುಭವ

ಮಂಗಳೂರು, ಉಡುಪಿಯವರನ್ನು ಯುರೋಪ್ ಟೂರಿಗೆ ಕರೆದೊಯ್ಯುವುದು ನನ್ನ ಕೆಲಸ. ಅಲ್ಲಿ ಯುದ್ಧದಲ್ಲಿ ಸತ್ತವರಿಗೆ ಮೌನ ನಿಲ್ಲುವ ಕಡೆಗೂ ನಮ್ಮ ಪಾರ್ಟಿ, ಅಂದರೆ ಟೂರಿನ ಗುಂಪು, ಹೋಗುತ್ತದೆ. ಹೋದ ವಾರ ನಮ್ಮ ಲೈನಿನವರೇ ಒಬ್ಬರು ಫೋನ್ ಮಾಡಿದ್ದರು. "ಮಾರಾಯ್ರೇ, ನಿಮ್ಮ ಪಾರ್ಟಿಯವರು ಅಲ್ಲಿ ನಿಜವಾಗಿಯೂ ಬಾಯಿ ಮುಚ್ಚಿ ನಿಲ್ತಾರಾ?" ಅಂತ ಕೇಳಿದರು. ನಿಲ್ತಾರೆ. 2023ರಿಂದ ಈಚೆ ಮೂರು ಬ್ಯಾಚ್ ನಿಂತಿದೆ. 2018ರಲ್ಲಿ ಇದೇ ಮನುಷ್ಯರು ನನಗೆ ಬುದ್ಧಿ ಹೇಳಿದ್ದರು, "ಟೂರಿಗೆ ಬಂದವರಿಗೆ ಸಾವಿನ ಸುದ್ದಿ ಯಾಕೆ? ಟುಲಿಪ್ ತೋರಿಸಿ, ಐಫೆಲ್ ಟವರ್ ತೋರಿಸಿ, ಕರ್ಕೊಂಡು ಬನ್ನಿ" ಅಂತ. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಉಂಟು.

ವೀಸಾ, ಕೋಚ್, ರೂಮಿಂಗ್ ಲಿಸ್ಟ್ ಎಲ್ಲ ನಮ್ಮ ಲೈನಿನವರಿಗೆ ಗೊತ್ತಿರುವುದೇ, ಅದನ್ನು ಬಿಡುತ್ತೇನೆ. ನಮ್ಮ ಮಕ್ಕಳಿಗೆ ರಜೆ ಏಪ್ರಿಲ್, ಮೇ. ನೆದರ್‌ಲ್ಯಾಂಡಿನ ಕ್ಯೂಕನ್‌ಹೋಫ್ ಟುಲಿಪ್ ತೋಟ ಮೇ ನಡುವಿಗೆ ಬಾಗಿಲು ಹಾಕುತ್ತದೆ. ಹಾಗಾಗಿ ಮಂಗಳೂರು, ಉಡುಪಿಯ ಪಾರ್ಟಿ ಮೇ ಮೊದಲ ವಾರ ಆಮ್‌ಸ್ಟರ್‌ಡ್ಯಾಮಿನಲ್ಲೇ ಇರುತ್ತದೆ. ಮೇ 4 ಅಲ್ಲಿಯವರು ಯುದ್ಧದಲ್ಲಿ ಸತ್ತವರನ್ನು ನೆನೆಯುವ ದಿನ. ಸಂಜೆ 6ಕ್ಕೆ ಬಾವುಟ ಅರ್ಧಕ್ಕೆ ಇಳಿಯುತ್ತದೆ. 8 ಗಂಟೆಗೆ ಸರಿಯಾಗಿ ಇಡೀ ದೇಶ ಎರಡು ನಿಮಿಷ ಸುಮ್ಮನಾಗುತ್ತದೆ. ಟ್ರಾಮ್ ಕೂಡ ನಿಲ್ಲುತ್ತದೆ. ಮರುದಿನ ಜರ್ಮನ್ನರಿಂದ ಬಿಡುಗಡೆಯಾದ ದಿನ, ಆಗ ಹಾಡು, ಕುಣಿತ ಎಲ್ಲ.

2017ರಲ್ಲಿ ಇದು ನನಗೆ ಗೊತ್ತೇ ಇರಲಿಲ್ಲ. 22 ಜನರನ್ನು ಕಟ್ಟಿಕೊಂಡು ಆಮ್‌ಸ್ಟರ್‌ಡ್ಯಾಮಿನ ನಡುವಿನ ಡ್ಯಾಮ್ ಚೌಕದ ಹತ್ತಿರದ ಬೀದಿಯಲ್ಲಿ ನಡೆಯುತ್ತಿದ್ದೆ. ಮೇ ತಿಂಗಳಲ್ಲಿ ಅಲ್ಲಿ ಎಂಟಕ್ಕೂ ಹಗಲೇ, ಒಂಬತ್ತರ ಮೇಲೆ ಸೂರ್ಯ ಮುಳುಗುವುದು. ಒಮ್ಮೆಲೇ ಜನ ನಿಂತರು. ಸೈಕಲ್ ನಿಂತಿತು. ನಮ್ಮ ಪಾರ್ಟಿಯ ಒಬ್ಬರು ದುಬೈಯಲ್ಲಿರುವ ಮಗನ ಜೊತೆ ವಿಡಿಯೋ ಕಾಲಿನಲ್ಲಿದ್ದರು. "ನೋಡು ನೋಡು, ಎಲ್ಲರೂ ಗೊಂಬೆ ಹಾಗೆ ನಿಂತಿದ್ದಾರೆ!" ಅಂತ ದೊಡ್ಡ ಸ್ವರದಲ್ಲಿ ಹೇಳಿದರು. ಪಕ್ಕದಲ್ಲಿ ಒಬ್ಬರು ಅಜ್ಜಿ ಸೈಕಲ್ ಹಿಡಿದುಕೊಂಡು ನಿಂತಿದ್ದರು. ಬೈಯಲಿಲ್ಲ. ಒಂದು ಹೆಜ್ಜೆ ಮುಂದೆ ಬಂದು, ಆ ಫೋನಿನ ಮೇಲೆ ತನ್ನ ಅಂಗೈ ಇಟ್ಟರು. ಎರಡು ನಿಮಿಷ ಮುಗಿಯುವ ತನಕ ಕೈ ತೆಗೆಯಲಿಲ್ಲ. ಅವರ ಬೆರಳು ಸಣ್ಣಗೆ ನಡುಗುತ್ತಿತ್ತು. ಮುಗಿದ ಮೇಲೆ ತಲೆ ಆಡಿಸಿ, ಸೈಕಲ್ ತಳ್ಳಿಕೊಂಡು ಹೋದರು. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಅಪ್ಪ ಸತ್ತವರೋ, ಅಣ್ಣ ಸತ್ತವರೋ ಯಾರಿಗೆ ಗೊತ್ತು? ನಾವು ಅವರ ಮನೆಯ ಬೊಜ್ಜದ (ಉತ್ತರಕ್ರಿಯೆಯ) ದಿನ ಅಂಗಳಕ್ಕೆ ನುಗ್ಗಿ ಗಲಾಟೆ ಮಾಡಿದ ಹಾಗಾಯಿತು.

2018ರಲ್ಲಿ ಬೆಲ್ಜಿಯಂನ ಈಪರ್ ಊರನ್ನು ಸೇರಿಸಿದೆ. ಅಲ್ಲಿಯ ಮೆನಿನ್ ಗೇಟ್ ದೊಡ್ಡ ಕಮಾನಿನ ಒಂದು ಸ್ಮಾರಕ. ಮೊದಲ ಮಹಾಯುದ್ಧದಲ್ಲಿ ಸತ್ತು, ಸಮಾಧಿಯೇ ಗೊತ್ತಿಲ್ಲದ 54,000ಕ್ಕೂ ಜಾಸ್ತಿ ಜನರ ಹೆಸರು ಗೋಡೆ ತುಂಬ ಕೆತ್ತಿದ್ದಾರೆ. ಅದರಲ್ಲಿ ನಮ್ಮ ದೇಶದ ಸಿಪಾಯಿಗಳೂ ಇದ್ದಾರೆ. ಪ್ರತಿದಿನ ರಾತ್ರಿ 8ಕ್ಕೆ ಗೇಟಿನ ಕೆಳಗೆ ಬ್ಯೂಗಲ್ ಊದುತ್ತಾರೆ. 1928ರಲ್ಲಿ ಶುರುವಾದದ್ದು. ಎರಡನೇ ಯುದ್ಧದಲ್ಲಿ ಜರ್ಮನ್ನರು ಊರು ಹಿಡಿದಾಗ ಅಲ್ಲಿ ನಿಂತಿತು. 1944ರ ಸೆಪ್ಟೆಂಬರ್ 6ರಂದು ಊರು ಬಿಡುಗಡೆಯಾದ ಸಂಜೆಯೇ ಮತ್ತೆ ಊದಿದರು.

ಅಂಥ ಜಾಗಕ್ಕೆ ನಮ್ಮ ಬಸ್ಸು ಮುಟ್ಟುವಾಗ 8 ದಾಟಿ ಹತ್ತು ನಿಮಿಷ. ಹಸಿದ ಮಕ್ಕಳು ನೇಂದ್ರ ಚಿಪ್ಸಿನ ಪ್ಯಾಕೆಟ್ ಬಿಡಿಸಿದರು. ಆ ಕಮಾನಿನ ಕೆಳಗೆ ಪ್ಯಾಕೆಟ್ಟಿನ ಪರಪರ ಸದ್ದು ಎಷ್ಟು ದೊಡ್ಡದಾಗಿ ಕೇಳುತ್ತದೆ ಅಂತ ನಿಂತವರಿಗೇ ಗೊತ್ತು. ಬ್ಯೂಗಲ್ ಮುಗಿಯುವಾಗ ನಮ್ಮ 24 ಜನರೂ ಚಪ್ಪಾಳೆ ತಟ್ಟಿದರು. ಅಲ್ಲಿ ಚಪ್ಪಾಳೆ ತಟ್ಟುವ ಕ್ರಮ ಇಲ್ಲ. ಅವರು ತಟ್ಟಿದ್ದು ಗೌರವದಿಂದಲೇ, ನಾನೇ ಹೇಳಿರಲಿಲ್ಲ. ಹಣದ ಲೆಕ್ಕ ಹೇಳುವುದಾದರೆ, ಡ್ರೈವರಿನ ಡ್ಯೂಟಿ ಹೊತ್ತು ಮೀರಿದ್ದಕ್ಕೆ 280 ಯೂರೋ ಹೋಯಿತು. ಬ್ರೂಜ್‌ನಲ್ಲಿ ಮುಂಗಡ ಕೊಟ್ಟಿದ್ದ ಊಟ ತಪ್ಪಿತು, 26 ತಟ್ಟೆ, ತಟ್ಟೆಗೆ 14 ಯೂರೋ. ಎರಡೂ ಸೇರಿ ಹತ್ತಿರ ಹತ್ತಿರ 51,000 ರೂಪಾಯಿ ಕೈಬಿಟ್ಟಿತು. ಆ ವರ್ಷ ಟೂರಿನಲ್ಲಿ ಉಳಿದದ್ದೇ ಅದಕ್ಕಿಂತ ಸ್ವಲ್ಪ ಜಾಸ್ತಿ.

2019ರಲ್ಲಿ ನಿಯಮದ ಪಟ್ಟಿ ಮಾಡಿದೆ. ಹದಿನಾಲ್ಕು ನಿಯಮ, ಚಂದ ಪ್ರಿಂಟ್ ಹಾಕಿಸಿ ಹಂಚಿದೆ. ಬಸ್ಸಿನಲ್ಲಿ ಮೈಕ್ ಹಿಡಿದು ನಲವತ್ತು ನಿಮಿಷ ವಿವರಿಸಿದೆ. ಅರ್ಧ ಬಸ್ಸು ನಿದ್ದೆ ಮಾಡಿತು. ಇಬ್ಬರು, "ನಾವು ದುಡ್ಡು ಕೊಟ್ಟು ಬಂದದ್ದು, ಶಾಲೆಗೆ ಬಂದದ್ದಲ್ಲ" ಅಂತ ಕೆಳಗೆ ಇಳಿಯಲೇ ಇಲ್ಲ. ಅವರು ಹೇಳಿದ್ದರಲ್ಲೂ ನ್ಯಾಯ ಇತ್ತು.

ಆಮೇಲೆ ಕೊರೋನಾ. ಮನೆಯಲ್ಲಿ ಕೂತು ಯೋಚನೆ ಮಾಡಲಿಕ್ಕೆ ಬೇಕಾದಷ್ಟು ಪುರುಸೊತ್ತು. ಊರಿನಲ್ಲಿ ನಮ್ಮವರು ಎಲ್ಲಿ ಸುಮ್ಮನೆ ನಿಲ್ಲುತ್ತಾರೆ? ಭೂತಕೋಲದಲ್ಲಿ ದೈವ ನುಡಿ ಕೊಡುವಾಗ ನಿಲ್ಲುತ್ತಾರೆ. ಕೋಲದಲ್ಲಿ ಸಾವಿರ ಜನ ಇದ್ದರೂ ಆ ಹೊತ್ತಿಗೆ ಮಕ್ಕಳು ಕೂಡ ಅಲುಗಾಡುವುದಿಲ್ಲ. ಕ್ರಿಶ್ಚಿಯನ್ನರು ಸತ್ತವರನ್ನು ನೆನೆಯುವ ನವೆಂಬರ್ 2ಕ್ಕೆ ಸಿಮೆಟ್ರಿಯಲ್ಲಿ ನಿಲ್ಲುತ್ತಾರೆ. ಅಂದರೆ ನಿಲ್ಲುವುದು ನಮಗೆ ಬರುತ್ತದೆ. ಇಲ್ಲಿಯೂ ಅಂಥದ್ದೇ ಹೊತ್ತು ಅಂತ ಮೊದಲೇ ಗೊತ್ತಾದರೆ ಆಯಿತು.

2022ರಲ್ಲಿ 11 ಜನರ ಸಣ್ಣ ಬ್ಯಾಚಿಗೆ ನಿಯಮದ ಪಟ್ಟಿ ಕೊಡಲಿಲ್ಲ. "ಕೋಲದಲ್ಲಿ ನುಡಿ ಆಗುವಾಗ ಹೇಗೆ ನಿಲ್ತೀರೋ ಹಾಗೆ" ಅಂತ ಒಂದೇ ಮಾತು ಹೇಳಿದೆ. ಸುಮಾರಾಗಿ ಕೆಲಸ ಮಾಡಿತು. ಜಾಸ್ತಿಯೇ ಮಾಡಿತು ಅನ್ನಬೇಕು, ಏಕೆಂದರೆ ಐದಾರು ಜನ ಚಪ್ಪಲಿ ಬಿಚ್ಚಿ ಒದ್ದೆ ಕಲ್ಲಿನ ಮೇಲೆ ನಿಂತರು. ಎಂಟೋ ಒಂಬತ್ತೋ ಡಿಗ್ರಿ ಚಳಿ. ಒಬ್ಬರು ಹೆಂಗಸಿಗೆ ಪ್ಯಾರಿಸ್ ತನಕ ಜ್ವರ. ಈಗ ಆ ಮಾತಿನ ಜೊತೆ "ಶೂ ಕಾಲಲ್ಲೇ ಇರಲಿ" ಅಂತ ಸೇರಿಸುತ್ತೇನೆ.

ಅದೇ ವರ್ಷ ಇನ್ನೊಂದು ಪ್ರಯೋಗ ಮಾಡಿದೆ. ನಮ್ಮ ಶಂಕರಪುರ ಮಲ್ಲಿಗೆಯನ್ನೇ ಅಲ್ಲಿ ಇಡಬೇಕು ಅಂತ ಆಸೆ. ಎರಡು ಅಟ್ಟೆ (ಅಟ್ಟೆಗೆ ನಾಲ್ಕು ಚೆಂಡು) ತೆಗೆದುಕೊಂಡೆ, ಅಟ್ಟೆಗೆ 900 ರೂಪಾಯಿ ಇತ್ತು ಅಂತ ನೆನಪು. ಬಾಳೆನಾರಿನಲ್ಲಿ ಕಟ್ಟಿದ ಚೆಂಡನ್ನು ಬಾಳೆಎಲೆಯಲ್ಲಿ ಸುತ್ತಿ, ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸ್ ಪ್ಯಾಕ್ ಹಾಕಿ ಕೊಂಡೊಯ್ದೆ. ಯುರೋಪಿಗೆ ಹೂವು ಒಯ್ಯಬೇಕಾದರೆ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಬೇಕು. 2019ರ ಕೊನೆಯಿಂದ ನಿಯಮ ಬಿಗಿಯಾಗಿದೆ. ಬಾಳೆಹಣ್ಣು, ತೆಂಗಿನಕಾಯಿಗೆ ವಿನಾಯಿತಿ ಉಂಟು, ಮಲ್ಲಿಗೆಗೆ ಇಲ್ಲ. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತೆರೆದರು. ಮೇಲಿನ ಚೆಂಡು ಆಗಲೇ ಕಂದಿತ್ತು, ಒಳಗಿನದ್ದು ಬೆಳ್ಳಗೆ ಇತ್ತು, ಘಮ ಇನ್ನೂ ಇತ್ತು. ಎಲ್ಲವೂ ಅವರ ಡಬ್ಬಿಗೆ ಹೋಯಿತು. ಈಗ ಅಲ್ಲಿಯೇ ಹೂವು ಕೊಳ್ಳುತ್ತೇವೆ. ಯುದ್ಧದಲ್ಲಿ ಸತ್ತವರ ನೆನಪಿಗೆ ಎದೆಗೆ ಸಿಕ್ಕಿಸುವ ಕೆಂಪು ಪಾಪಿ ಹೂವಿನ ಪಿನ್ನು ಬ್ರಿಟಿಷರ ಕಡೆಯ ಕ್ರಮ. ಈಪರ್‌ನಲ್ಲಿ ಸರಿ, ನೆದರ್‌ಲ್ಯಾಂಡಿನ ಮೇ 4ಕ್ಕೆ ಅದು ಹೊಂದುವುದಿಲ್ಲ. ನಾನು ಮೂವತ್ತು ತರಿಸಿ ಅರ್ಧ ಹಾಗೇ ಉಳಿಯಿತು.

2023ಕ್ಕೆ ಎಲ್ಲವೂ ಕೂಡಿ ಬಂತು. ಹೊರಡಲು ಮೂರು ವಾರ ಇರುವಾಗ ಒಂದು ಭಾನುವಾರ 19 ಜನರನ್ನೂ ಬೆಳಿಗ್ಗೆ 7ಕ್ಕೆ ಕದ್ರಿ ಗುಡ್ಡದ ಯೋಧರ ಸ್ಮಾರಕಕ್ಕೆ ಕರೆದೆ. ಪ್ರತಿ ಜುಲೈ 26ಕ್ಕೆ ಕಾರ್ಗಿಲ್ ವಿಜಯ ದಿವಸ ಮಾಡುವ ಜಾಗ. ಮಂಗಳೂರಿನವರೇ ಕೆಲವರು ಅದರ ಎದುರು ನಿಂತದ್ದು ಅದೇ ಮೊದಲು. ವಾಚ್ ಹಿಡಿದು ಎರಡು ನಿಮಿಷ ನಿಲ್ಲಿಸಿದೆ. ಮೊದಲ ಸಲ ನಲವತ್ತು ಸೆಕೆಂಡಿಗೆ ಒಬ್ಬರ ಫೋನ್ ಹೊಡೆಯಿತು. ಎರಡನೇ ಸಲ ಒಂದೂವರೆ ನಿಮಿಷಕ್ಕೆ ಮಾತು ಹೊರಟಿತು. ಮೂರನೇ ಸಲ ಪೂರ್ತಿ ಆಯಿತು. ಆಮೇಲೆ ಎಲ್ಲರಿಗೂ ಬನ್ಸ್, ಚಾ. ಎರಡು ನಿಮಿಷ ಎಷ್ಟು ಉದ್ದ ಅಂತ ಮೈಗೆ ಗೊತ್ತಾಗಬೇಕು, ಬಸ್ಸಿನ ಮೈಕಿನಲ್ಲಿ ಹೇಳಿದರೆ ಗೊತ್ತಾಗುವುದಿಲ್ಲ.

ಅಲ್ಲಿಯೇ ಒಬ್ಬೊಬ್ಬರ ಕೈಗೆ ಒಂದೊಂದು ಚೀಟಿ ಕೊಟ್ಟೆ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ದಾಖಲೆಯಲ್ಲಿ ಸಿಪಾಯಿಯ ಹೆಸರು, ರೆಜಿಮೆಂಟ್, ಹಲವು ಕಡೆ ಅಪ್ಪನ ಹೆಸರು, ಊರು ಸಿಗುತ್ತದೆ. ಅದನ್ನು ಕನ್ನಡದಲ್ಲಿ ನಾನೇ ಕೈಯಲ್ಲಿ ಬರೆದೆ. "ಇವರು ನಿಮ್ಮವರು, ಹೋಗಿ ನೋಡಿ ಬರಬೇಕು" ಅಂದೆ. ಯಾವ ಸಿಪಾಯಿಯನ್ನು ಯಾರಿಗೆ ಕೊಡಬೇಕು ಅನ್ನುವುದಕ್ಕೆ ನನ್ನದೇ ಒಂದು ಲೆಕ್ಕ ಉಂಟು. ಅದನ್ನು ಇಲ್ಲಿ ಬರೆಯುವುದಿಲ್ಲ.

ಟೂರಿನಲ್ಲಿ ಮೌನದ ದಿನ ಊಟ ಸಂಜೆ 6ಕ್ಕೇ. ಮೊಸರನ್ನ, ಬಜಿಲ್ (ಅವಲಕ್ಕಿ), ಬಾಳೆಹಣ್ಣು. ಚಕ್ಕುಲಿ, ಚಿಪ್ಸ್ ರೂಮಿನಲ್ಲಿ. ಹೊಟ್ಟೆ ತುಂಬಿದ ಮಗು ರಗಳೆ ಮಾಡುವುದಿಲ್ಲ. ಫೋನ್ ಎಲ್ಲ ಒಂದು ಬಟ್ಟೆಚೀಲಕ್ಕೆ. ಚೀಲ ಹಿಡಿಯುವುದು ನಾನಲ್ಲ, ನಾನು ಕೇಳಿದರೆ ಕೊಡುವುದಿಲ್ಲ. ಆ ಬ್ಯಾಚಿನಲ್ಲಿ ಇಸ್ರೇಲಿನ ಹೈಫಾದಲ್ಲಿ ಹೋಮ್ ನರ್ಸ್ ಆಗಿದ್ದ ಒಬ್ಬರು ಅಕ್ಕ ಇದ್ದರು. ಅಲ್ಲಿ ಸೈನಿಕರ ನೆನಪಿನ ದಿನ ರಾತ್ರಿ 8ಕ್ಕೆ ಒಂದು ನಿಮಿಷ, ಮರುದಿನ ಬೆಳಿಗ್ಗೆ 11ಕ್ಕೆ ಎರಡು ನಿಮಿಷ ಸೈರನ್ ಆಗುತ್ತದೆ. ಹೈವೇಯಲ್ಲೂ ಕಾರು ನಿಲ್ಲಿಸಿ ಇಳಿದು ನಿಲ್ಲುತ್ತಾರೆ. ಅಕ್ಕ ಅದನ್ನು ಕಣ್ಣಾರೆ ಕಂಡವರು. 1918ರ ಸೆಪ್ಟೆಂಬರ್ 23ರಂದು ಆ ಹೈಫಾವನ್ನು ಗೆಲ್ಲಲು ಕುದುರೆ ಹತ್ತಿ ಹೋದವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಇದ್ದರು ಅಂತಲೂ ಅವರೇ ಬಸ್ಸಿನಲ್ಲಿ ಹೇಳಿದರು. ನನ್ನ ನಲವತ್ತು ನಿಮಿಷದ ಭಾಷಣಕ್ಕೆ ನಿದ್ದೆ ಬಂದಿತ್ತು, ಅಕ್ಕನ ಐದು ನಿಮಿಷಕ್ಕೆ ಯಾರೂ ಕಣ್ಣು ಮುಚ್ಚಲಿಲ್ಲ. ಅವರು ಚೀಲ ಹಿಡಿದರು, ಫೋನೆಲ್ಲ ತಾನಾಗಿ ಬಿತ್ತು. ಫೋಟೋ ಮಾತ್ರ ಶುರುವಾಗುವ ಮೊದಲು ಒಬ್ಬರೇ ತೆಗೆದು ಎಲ್ಲರಿಗೂ ಕಳಿಸುತ್ತಾರೆ ಅಂತ ಮೊದಲೇ ಒಪ್ಪಿಸಬೇಕು. ಇದನ್ನು ಮರೆತರೆ ಚೀಲ ಖಾಲಿ.

ಡ್ಯಾಮ್ ಚೌಕಕ್ಕೆ ಈಗ ಕರೆದೊಯ್ಯುವುದಿಲ್ಲ. 2010ರಲ್ಲಿ ಅಲ್ಲಿ ಮೌನದ ಹೊತ್ತಿಗೆ ಒಬ್ಬ ಕಿರುಚಿ, ಜನ ಹೆದರಿ ಓಡಿ, ಹತ್ತಾರು ಮಂದಿಗೆ ಗಾಯವಾಗಿತ್ತು. ಅಜ್ಜಿ, ಮಕ್ಕಳನ್ನು ಇಟ್ಟುಕೊಂಡು ಅಂಥ ಗುಂಪು ಬೇಡ. ಸಣ್ಣ ಊರುಗಳಲ್ಲೂ ಅದೇ ಹೊತ್ತಿಗೆ ಮಾಡುತ್ತಾರೆ. ಹೋಟೆಲ್ ಇರುವ ಊರಿನಲ್ಲೇ, ಹಿಂದಿನ ಸಾಲಿನಲ್ಲಿ ನಿಂತೆವು. ಮೊದಲು ತುತ್ತೂರಿ, ಆಮೇಲೆ ಎರಡು ನಿಮಿಷ, ಆಮೇಲೆ ಅವರ ರಾಷ್ಟ್ರಗೀತೆ. ಮುಗಿದ ಮೇಲೆ ಊರಿನವರು ಒಬ್ಬರು ಬಂದು ನಮ್ಮ ಅಜ್ಜಿಯೊಬ್ಬರ ಕೈ ಕುಲುಕಿದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲ.

ಎರಡು ದಿನ ಬಿಟ್ಟು ಈಪರ್. ಆ ವರ್ಷ ಗೇಟಿನ ದುರಸ್ತಿ ನಡೆದಿತ್ತು. ಬ್ಯೂಗಲ್ ಮಾತ್ರ ನಿಂತಿರಲಿಲ್ಲ. 7 ಗಂಟೆಗೇ ಹೋಗಿ ನಿಂತೆವು. ಎಲ್ಲಿ ನಿಲ್ಲಿಸಿದರೆ ಮಕ್ಕಳಿಗೂ ಕಾಣುತ್ತದೆ, ಯಾರಿಗೂ ಅಡ್ಡವಾಗುವುದಿಲ್ಲ ಅನ್ನುವ ಜಾಗ ಹುಡುಕಲು ನನಗೆ ಮೂರು ವರ್ಷ ಹಿಡಿದಿದೆ. ಅದೂ ನನ್ನಲ್ಲೇ ಇರಲಿ. ಪುಷ್ಪಚಕ್ರ ಇಡಬೇಕಾದರೆ ಮೊದಲೇ ಬರೆದು ಹೆಸರು ಕೊಡಬೇಕು, ಹೋಗಿ ನಿಂತು ಕೇಳಿದರೆ ಆಗುವುದಿಲ್ಲ. ನಮ್ಮ ಪರವಾಗಿ ಉಡುಪಿಯ ಇಬ್ಬರು ಮಕ್ಕಳು ಇಟ್ಟರು. ಚಪ್ಪಾಳೆ ಇಲ್ಲ, ಕೆಮ್ಮು ಕೂಡ ಇಲ್ಲ.

ಮರುದಿನ ಪ್ಯಾರಿಸ್ ದಾರಿಯಲ್ಲಿ ಫ್ರಾನ್ಸಿನ ನವ್ ಶಪೆಲ್ ಊರು. ಅಲ್ಲಿ ಭಾರತೀಯ ಸೈನಿಕರದ್ದೇ ಸ್ಮಾರಕ, 1927ರಲ್ಲಿ ಕಟ್ಟಿ ಮುಗಿಸಿದ್ದು. ದುಂಡಗಿನ ಗೋಡೆಯ ಮೇಲೆ 4,700ಕ್ಕೂ ಜಾಸ್ತಿ ಹೆಸರು. ಎತ್ತರದ ಕಂಬ, ಎರಡು ಕಲ್ಲಿನ ಹುಲಿ. ದೇವರು ಒಬ್ಬನೇ, ಜಯ ಅವನದೇ ಅಂತ ಬರೆದಿದ್ದಾರೆ. ದಿನಾ ಅಲ್ಲಿ ಯಾರೂ ಬ್ಯೂಗಲ್ ಊದುವುದಿಲ್ಲ. ನಾವೇ ನಿಂತೆವು. ಮಣಿಪಾಲದ ಒಬ್ಬ ಹುಡುಗನಿಗೆ ಹದಿಮೂರು ವರ್ಷ. ಅವನ ಚೀಟಿಯಲ್ಲಿ ಗಬ್ಬರ್ ಸಿಂಗ್ ನೇಗಿ ಅಂತ ಇತ್ತು. ಕದ್ರಿಯಲ್ಲಿ ಹೆಸರು ಓದಿ ಜೋರಾಗಿ ನಕ್ಕಿದ್ದ. ಗಢವಾಲ್ ರೈಫಲ್ಸಿನ ಸಿಪಾಯಿ, 1915ರ ಮಾರ್ಚ್ 10ರಂದು ಅಲ್ಲಿಯೇ ಸತ್ತಾಗ ಹತ್ತೊಂಬತ್ತು ವಯಸ್ಸು, ಸತ್ತ ಮೇಲೆ ವಿಕ್ಟೋರಿಯಾ ಕ್ರಾಸ್ ಬಂತು. ಹುಡುಗ ಗೋಡೆ ಉದ್ದಕ್ಕೂ ಬೆರಳು ಆಡಿಸುತ್ತ ಹುಡುಕಿದ. ಸಿಕ್ಕಿದ ಮೇಲೆ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ನಿಂತ. ಎರಡು ನಿಮಿಷ ಮುಗಿದು ಎಲ್ಲರೂ ಬಸ್ಸಿಗೆ ಹೊರಟರೂ ಬರಲಿಲ್ಲ. ಅವನ ಅಣ್ಣನಿಗೂ ಆಗ ಹತ್ತೊಂಬತ್ತು.

ಖರ್ಚು ತಲೆಗೆ 2,300 ರೂಪಾಯಿ ಆಸುಪಾಸು ಜಾಸ್ತಿ ಬೀಳುತ್ತದೆ. ಮೊದಲ ವರ್ಷ ನಾನೇ ಹಾಕಿಕೊಂಡೆ. ಈಗ ಪ್ಯಾಕೇಜಿನಲ್ಲೇ ಸೇರಿಸುತ್ತೇನೆ, ಯಾರೂ ಚೌಕಾಸಿ ಮಾಡಿಲ್ಲ. ಕುಂದಾಪುರದಿಂದ ಫೋನ್ ಮಾಡಿ "ಆ ಬ್ಯೂಗಲ್ ಇರುವ ಟೂರಾ?" ಅಂತಲೇ ಕೇಳುತ್ತಾರೆ. ಈ ಸಲದ ಬ್ಯಾಚ್ ಹನ್ನೆರಡು ದಿನದಲ್ಲಿ ತುಂಬಿತು, 21 ಜನ. ಕದ್ರಿಗೆ ಬರುವ ಭಾನುವಾರ. ಹತ್ತೊಂಬತ್ತು ಚೀಟಿ ಬರೆದಾಗಿದೆ, ಇನ್ನೆರಡು ಇವತ್ತು ರಾತ್ರಿ ಬರೆಯಬೇಕು.