ಸಣ್ಣ ತಾಮ್ರದ ಪೈಪಿಗೆ ನಟ್ ಸಿಗ್ತಿಲ್ವಾ? ಮೊದಲು ಅಳತೆ ಹಿಡಿಯಿರಿ

ಸಿಂಧನೂರಿನಲ್ಲಿ ನಮ್ಮ ಅಣ್ಣನ ಪಂಕ್ಚರ್ ಅಂಗಡಿ ಇದೆ. ಹೋದ ಬೇಸಿಗೆಯಲ್ಲಿ ಅಲ್ಲಿನ ಕಂಪ್ರೆಸರ್ ಸುಯ್ ಅಂತ ಸೋರೋಕೆ ಶುರುವಾಯಿತು. ಪ್ರೆಶರ್ ಸ್ವಿಚ್ಚಿಗೆ ಹೋಗುವ ಸಣ್ಣ ತಾಮ್ರದ ಪೈಪಿನ ಹಿತ್ತಾಳೆ ನಟ್ ಸೀಳಿತ್ತು. ‘ಕಾಲಿಂಚಿಂದು ಕೊಡಿ’ ಅಂತ ಕೇಳಿ ಮೂರು ಅಂಗಡಿಯಿಂದ ಮೂರು ನಟ್ ತಂದೆವು. ಒಂದೂ ಕೂರಲಿಲ್ಲ.

ಆ ‘ಕಾಲಿಂಚು’ ಅನ್ನೋ ಮಾತೇ ದಾರಿ ತಪ್ಪಿಸುತ್ತದೆ. ಎಸಿ, ಫ್ರಿಜ್ ಕೆಲಸದವರಿಗೆ ಕಾಲಿಂಚು ಅಂದರೆ ಪೈಪಿನ ಹೊರಮೈ ಅಳತೆ, ಅಂದರೆ 6.35 ಮಿ.ಮೀ.; ಅದರ ಫ್ಲೇರ್ ನಟ್ಟಿನ (ತುದಿ ಅರಳಿಸಿದ ಪೈಪಿಗೆ ಹಾಕುವ ನಟ್) ಥ್ರೆಡ್ 11 ಮಿ.ಮೀ. ಚಿಲ್ಲರೆ ಇರುತ್ತದೆ. ಕಾಲಿಂಚಿನ ಬಿಎಸ್‌ಪಿ (ನಲ್ಲಿ ಪೈಪುಗಳಿಗೆ ಬಳಸುವ ಥ್ರೆಡ್ಡಿನ ಅಳತೆ) ಅಂದರೆ ಥ್ರೆಡ್ಡೇ 13 ಮಿ.ಮೀ. ದಾಟುತ್ತದೆ. ಇವೆರಡರ ಜೊತೆಗೆ 6 ಮಿ.ಮೀ. ಪೈಪ್ ಬೇರೆ ಇದೆ. ಕಣ್ಣಿಗೆ 6 ಮತ್ತು 6.35 ಒಂದೇ ಥರ ಕಾಣುತ್ತವೆ.

ಹಾಗಾಗಿ ಬಿಚ್ಚಿ ಅಳೆಯಿರಿ. ಅದಕ್ಕೂ ಮುಂಚೆ ಕರೆಂಟ್ ತೆಗೆದು, ಟ್ಯಾಂಕಿನ ಗಾಳಿ ಪೂರ್ತಿ ಬಿಡಿ. ವರ್ನಿಯರ್ ಇಲ್ಲವಾ? 6-7ರ ಪಾನ (ಸ್ಪ್ಯಾನರ್) ತಗೊಳ್ಳಿ. ಪೈಪ್ ಜಜ್ಜಿಲ್ಲದ ಜಾಗದಲ್ಲಿ 6ರ ಬಾಯಿಗೆ ಹಿಡಿಯಿರಿ. ಸಲೀಸಾಗಿ ಒಳಗೆ ಹೋದರೆ 6 ಮಿ.ಮೀ., ಬಾಯಲ್ಲೇ ನಿಂತರೆ ಕಾಲಿಂಚು. ನಮ್ಮದು ಒಳಗೆ ಹೋಯಿತು!

ಆಮೇಲೆ ಪೈಪಿನ ತುದಿ ನೋಡಿ. ಕಹಳೆ ಬಾಯಿಯಂತೆ ಅರಳಿದ್ದರೆ ಫ್ಲೇರ್. ನೇರವಾಗಿದ್ದು, ಮೇಲೊಂದು ಹಿತ್ತಾಳೆ ಉಂಗುರ ಕಚ್ಚಿಕೊಂಡಿದ್ದರೆ ಕಂಪ್ರೆಶನ್. ಆ ಉಂಗುರಕ್ಕೆ ಫೆರೂಲ್ ಅಂತಾರೆ, ಕೆಲವರು ಬರೀ ರಿಂಗ್ ಅಂತಾರೆ. ಒಮ್ಮೆ ಬಿಗಿದರೆ ಅದು ತಾಮ್ರವನ್ನು ಸುತ್ತಲೂ ಅದುಮಿ ಅಲ್ಲೇ ಕೂತುಬಿಡುತ್ತದೆ, ಉಗುರಲ್ಲಿ ಸವರಿದರೆ ಆ ಗೆರೆ ಕೈಗೆ ಸಿಗುತ್ತದೆ. ಹಳೇ ರಿಂಗನ್ನೇ ಮತ್ತೆ ಹಾಕಬೇಡಿ. ಅಷ್ಟು ತುದಿ ಕತ್ತರಿಸಿ ಹೊಸದು ಹಾಕಿ.

ಯಾವ ಅಂಗಡಿ ಅನ್ನೋದು ಆಮೇಲಿನ ಮಾತು. ಫ್ಲೇರ್ ನಟ್ ಎಸಿ-ಫ್ರಿಜ್ ಸ್ಪೇರ್ ಅಂಗಡಿಯಲ್ಲಿ ಸಿಗುತ್ತದೆ. 4.75 ಮಿ.ಮೀ. ಪೈಪಿನ ನಟ್ ಆಟೋಮೊಬೈಲ್ ಅಂಗಡಿಯಲ್ಲಿ ಕೇಳಿ, ಯಾಕಂದ್ರೆ ಅದು ಬ್ರೇಕ್ ಪೈಪಿನ ಅಳತೆ. 4 ಮತ್ತು 6 ಮಿ.ಮೀ. ಕಂಪ್ರೆಶನ್ ಮಾತ್ರ ಹಾರ್ಡ್‌ವೇರ್ ಅಂಗಡಿಯಲ್ಲಿ ಕಷ್ಟ. ಮಷೀನಿಗೆ ಎಣ್ಣೆ ಹೋಗುವ ಪೈಪುಗಳಿಗೆ ಅದೇ ಬೇಕಾಗೋದು, ಹಾಗಾಗಿ ರೈಸ್‌ಮಿಲ್ ಸಾಮಾನು ಮಾರುವವರ ಹತ್ತಿರ ಹುಡುಕಿ. ನಮಗೆ ಸಿಕ್ಕಿದ್ದು ಅಲ್ಲೇ, ಒಂದು ಹಳೇ ಡಬ್ಬಿಯ ತಳದಲ್ಲಿ. ಊರಲ್ಲಿ ಎಲ್ಲೂ ಇಲ್ಲ ಅಂದ್ರೆ ರಾಯಚೂರು ಕಡೆಯವರಿಗೆ ಬೆಂಗಳೂರಿಗಿಂತ ಸಿಕಂದರಾಬಾದಿನ ರಾಣಿಗಂಜ್ ಅನ್ನೋ ಮಷೀನ್ ಸಾಮಾನಿನ ಮಾರ್ಕೆಟ್ಟೇ ಹತ್ತಿರ. ಆನ್‌ಲೈನ್‌ನಲ್ಲಿ ತರಿಸುವುದಾದರೆ ಪೈಪಿನ ಹೊರಮೈ ಅಳತೆ, ಥ್ರೆಡ್ಡಿನ ಅಳತೆ ಎರಡನ್ನೂ ನೋಡಿ. ಲೇತ್‌ನವರ ಹತ್ತಿರ ಹಿತ್ತಾಳೆ ರಾಡಿನಲ್ಲಿ ಮಾಡಿಸಲೂಬಹುದು, ಹಳೇ ನಟ್ ಜೊತೆಗೆ ಅದು ಕೂರುವ ಎದುರು ಭಾಗವನ್ನೂ ಒಯ್ಯಿರಿ. ಬ್ರೇಕಿಗೆ ಮತ್ತು ಅಡುಗೆ ಗ್ಯಾಸಿಗೆ ಮಾತ್ರ ಇಂಥ ರಿಂಗ್ ಜೋಡಣೆಯಾಗಲಿ, ಲೇತ್‌ನಲ್ಲಿ ಮಾಡಿಸಿದ ನಟ್ ಆಗಲಿ ಖಂಡಿತ ಬೇಡ.

ಹಾಕುವಾಗ ಮೊದಲು ನಟ್, ಆಮೇಲೆ ರಿಂಗ್. ಪೈಪನ್ನು ಎದುರು ಭಾಗದ ತಳಕ್ಕೆ ತಾಗುವವರೆಗೆ ಒಳಗೆ ಒತ್ತಿ. ಕೈಯಲ್ಲಿ ಬಿಗಿ ಮಾಡಿ, ನಂತರ ಪಾನದಲ್ಲಿ ಸುಮಾರು ಒಂದು ಸುತ್ತು ಸಾಕು. ಜಾಸ್ತಿ ಬಿಗಿದೇ ನಮ್ಮ ಹಳೇ ನಟ್ ಸೀಳಿದ್ದು. ಗಾಳಿ ತುಂಬಿಸಿ, ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದರೆ ಮತ್ತೆ ಗಾಳಿ ಬಿಟ್ಟು, ಕಾಲು ಸುತ್ತು ಬಿಗಿದು ನೋಡಿ.