ಕಿವಿ ಕೇಳದ ಗ್ರೇಟ್ ಡೇನ್ ಮಲೆನಾಡಿನ ಮನೆಗೆ ಬಂದಾಗ: ನನ್ನ ಅನುಭವ

ನಮ್ಮ ಬೆಳ್ಳಿಯನ್ನು ನೋಡಿದವರು ಮೊದಲು ಕೇಳುವುದು, "ಕಿವಿ ಕೇಳದ ನಾಯಿನ ಹೆಂಗೆ ಸಾಕ್ತೀರಿ?" ಎಂದು. ಕಿವಿ ಅಷ್ಟೇನೂ ಕಷ್ಟ ಕೊಡಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ನಮ್ಮ ಯೋಚನೆ, ದುಡ್ಡು, ತೋಳಿನ ಬಲ ಎಲ್ಲ ಹೆಚ್ಚಾಗಿ ಖರ್ಚಾದದ್ದು ಅವಳ ಗಾತ್ರಕ್ಕೆ. 50 ಕಿಲೋ ದಾಟಿದ ನಾಯಿ, ತೀರ್ಥಹಳ್ಳಿಯಿಂದ ಒಳಗಿರುವ ತೋಟದ ಮನೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದ ಮಳೆ, ಶಿವಮೊಗ್ಗಕ್ಕೆ 60 ಕಿಲೋಮೀಟರಿಗೂ ಹೆಚ್ಚು ದಾರಿ. ಇಷ್ಟನ್ನು ಒಟ್ಟಿಗೆ ಇಟ್ಟು ಯೋಚಿಸಿದ ಮೇಲೆಯೇ ನಾವು ಅವಳನ್ನು ತಂದದ್ದು.

ಬೆಳ್ಳಿ ಗ್ರೇಟ್ ಡೇನ್ ತಳಿಯ ಹೆಣ್ಣು. ಮೈಯೆಲ್ಲ ಬಿಳಿ, ಬೆನ್ನಿನ ಮೇಲೆ ಒಂದೆರಡು ಬೂದು ಮಚ್ಚೆ, ಮೂಗು ಅರ್ಧ ಗುಲಾಬಿ. ಈ ಬಿಳುಪಿಗೂ ಕಿವುಡಿಗೂ ಕಾರಣ ಒಂದೇ. ಈ ತಳಿಯಲ್ಲಿ ಮೈಬಣ್ಣವನ್ನು ಅಲ್ಲಲ್ಲಿ ತೆಳುವಾಗಿಸಿ ಮಚ್ಚೆ ಮೂಡಿಸುವ 'ಮರ್ಲ್' ಎಂಬ ಜೀನ್ ಇದೆ. ಒಂದು ಪ್ರತಿ ಇದ್ದರೆ ಚೆಂದದ ಮಚ್ಚೆ. ಅಂಥ ಎರಡು ನಾಯಿಗಳನ್ನು ಕೂಡಿಸಿದರೆ ಸರಾಸರಿ ನಾಲ್ಕರಲ್ಲಿ ಒಂದು ಮರಿಗೆ ತಂದೆ ತಾಯಿ ಇಬ್ಬರಿಂದಲೂ ಆ ಜೀನ್ ಬರುತ್ತದೆ. ಬಣ್ಣ ಕೊಡುವ ಜೀವಕೋಶಗಳು ಚರ್ಮಕ್ಕಷ್ಟೇ ಸಾಲದು, ಒಳಗಿವಿಗೂ ಬೇಕು. ಅಲ್ಲಿ ಅವು ಇಲ್ಲದಿದ್ದರೆ ಹುಟ್ಟಿದ ಕೆಲವೇ ವಾರಗಳಲ್ಲಿ ಶಬ್ದ ಹಿಡಿಯುವ ಕೋಶಗಳು ಸತ್ತುಹೋಗುತ್ತವೆ. ಕಣ್ಣಿಗೂ ಪೆಟ್ಟು ಬೀಳಬಹುದು. ಬೆಳ್ಳಿಗೆ ಒಂದು ಕಣ್ಣು ಚಿಕ್ಕದು, ಮುಸ್ಸಂಜೆಯಲ್ಲಿ ಅವಳಿಗೆ ಸರಿಯಾಗಿ ಕಾಣುವುದಿಲ್ಲ. ಇದೆಲ್ಲ ಮೊದಲೇ ಗೊತ್ತಿರುವ ಸಂಗತಿ. ಗೊತ್ತಿದ್ದೂ ಮಚ್ಚೆಮರಿಗೆ ಒಳ್ಳೆ ರೇಟು ಸಿಗುತ್ತದೆಂದು ಹೀಗೆ ಕೂಡಿಸುವವರಿದ್ದಾರೆ, ಮಾರಾಟವಾಗದ ಬಿಳಿ ಮರಿಗಳನ್ನು ರಸ್ತೆಗೆ ಬಿಡುವವರಿದ್ದಾರೆ. ಬೆಳ್ಳಿ ಬೆಂಗಳೂರಿನ ಹೊರವಲಯದ ಒಂದು ಆಶ್ರಯಧಾಮಕ್ಕೆ ಬಂದದ್ದು ಹಾಗೆ ಬೀದಿಯಿಂದಲೇ. ಈ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ.

ತರುವ ಮೊದಲು ಆಶ್ರಯಧಾಮದವರನ್ನು ನಾವು ಕೇಳಿದ ಪ್ರಶ್ನೆಗಳಲ್ಲಿ ಕಿವಿಯದ್ದು ಕಡಿಮೆ. ದನಗಳನ್ನು ನೋಡಿದ್ದಾಳಾ? ಕೋಳಿ ಕಂಡರೆ ಏನು ಮಾಡುತ್ತಾಳೆ? ಉಣ್ಣುವಾಗ ಹತ್ತಿರ ಹೋದರೆ ಗುರ್ ಎನ್ನುತ್ತಾಳಾ? ಮಲಗಿದಾಗ ಮುಟ್ಟಿದರೆ? ವಾಹನ ಹತ್ತುತ್ತಾಳಾ? ಅವರು ಒಂದಕ್ಕೂ ಸುತ್ತಿಬಳಸದೆ ಉತ್ತರ ಕೊಟ್ಟರು. ಜೊತೆಗೆ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುವಾಗಲೇ ಅವಳ ಜಠರವನ್ನು ಹೊಟ್ಟೆಯ ಒಳಗೋಡೆಗೆ ಹೊಲಿದು ನಿಲ್ಲಿಸುವ ಗ್ಯಾಸ್ಟ್ರೋಪೆಕ್ಸಿಯನ್ನೂ ಮಾಡಿಸಲು ಒಪ್ಪಿದರು. ಆ ಖರ್ಚು ನಮ್ಮದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಳವಾದ ಎದೆಯ ದೊಡ್ಡ ನಾಯಿಗಳಲ್ಲಿ, ಅದರಲ್ಲೂ ಗ್ರೇಟ್ ಡೇನ್‌ಗಳಲ್ಲಿ, ಜಠರದಲ್ಲಿ ಗಾಳಿ ತುಂಬಿ ಅದು ತಿರುಚಿಕೊಳ್ಳುವ ಅಪಾಯ ಬಹಳ. ನಾಯಿ ಓಕರಿಸುತ್ತದೆ, ಆದರೆ ಏನೂ ಹೊರಗೆ ಬರುವುದಿಲ್ಲ. ಜೊಲ್ಲು ಸುರಿಯುತ್ತದೆ, ಹೊಟ್ಟೆ ಉಬ್ಬಿ ಬಿಗಿಯಾಗುತ್ತದೆ, ಕೂತಲ್ಲಿ ಕೂರುವುದಿಲ್ಲ. ಆಗ ಬೇಕಾದದ್ದು ತಕ್ಷಣದ ಶಸ್ತ್ರಚಿಕಿತ್ಸೆ. ಕೆಲವೇ ಗಂಟೆಗಳಲ್ಲಿ ಜೀವ ಹೋಗುತ್ತದೆ. ಮಳೆಗಾಲದ ರಾತ್ರಿ, ರಸ್ತೆಗೆ ಮರ ಬಿದ್ದಿರುವಾಗ, ಮಂಡಗದ್ದೆ ದಾಟಿ ಶಿವಮೊಗ್ಗ ಸೇರುವುದರೊಳಗೆ ಏನಾದೀತು ಎಂದು ಊಹಿಸಿಯೇ ನಾವು ಪಟ್ಟು ಹಿಡಿದದ್ದು. ಹೊಲಿಗೆ ಹಾಕಿದರೂ ಗಾಳಿ ತುಂಬಬಹುದು, ತಿರುಚುವುದು ಮಾತ್ರ ಬಹುಮಟ್ಟಿಗೆ ತಪ್ಪುತ್ತದೆ. ಆಸ್ಪತ್ರೆ ದೂರವಿರುವ ಊರಿಗೆ ಈ ಜಾತಿಯ ನಾಯಿ ತರುವವರು ಉಳಿದ ಯಾವ ಖರ್ಚು ಕಡಿತ ಮಾಡಿದರೂ ಈ ಹೊಲಿಗೆಯ ಖರ್ಚನ್ನು ಮಾತ್ರ ಕಡಿತ ಮಾಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಊಟ ದಿನಕ್ಕೆ ಮೂರು ಹೊತ್ತು, ಸ್ವಲ್ಪ ಸ್ವಲ್ಪ. ಅನ್ನ, ಬೇಯಿಸಿದ ಕೋಳಿ, ಮೊಟ್ಟೆ, ಸಿಹಿಗುಂಬಳ. ಡಾಕ್ಟರು ಹೇಳಿದ ಅಳತೆಯ ಒಣ ಆಹಾರ. ಉಂಡ ಮೇಲೆ ಒಂದು ಗಂಟೆ ಓಡಾಟ ಇಲ್ಲ. ಎತ್ತರದ ನಾಯಿಗೆ ತಟ್ಟೆಯನ್ನು ಸ್ಟೂಲಿನ ಮೇಲಿಡಿ ಎಂದು ಬಹಳ ಜನ ಹೇಳುತ್ತಾರೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ದೊಡ್ಡ ತಳಿಗಳ ಮೇಲೆ ಮಾಡಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎತ್ತರದ ತಟ್ಟೆಯಲ್ಲಿ ತಿನ್ನುವ ನಾಯಿಗಳಿಗೇ ಜಠರ ಉಬ್ಬಿ ತಿರುಚುವ ಅಪಾಯ ಹೆಚ್ಚು ಕಂಡಿತ್ತು. ಹಾಗಾಗಿ ಬೆಳ್ಳಿಯ ತಟ್ಟೆ ನೆಲದ ಮೇಲೆಯೇ.

ಮನೆಯ ಸುತ್ತ ಬದಲಾಯಿಸಿದ್ದು ಬಹಳ. ಅಂಗಳದ ಬಾಯಿಗೆ ಇದ್ದದ್ದು ದಣಪೆ. ದನ ತಡೆಯಲು ಸಾಕು, ಇವಳು ಅದನ್ನು ಸುಮ್ಮನೆ ದಾಟಿ ನಡೆಯುತ್ತಿದ್ದಳು. ಅಲ್ಲಿಗೆ ಕಬ್ಬಿಣದ ಗೇಟು, ಅಂಗಳದ ಸುತ್ತ ಆಳೆತ್ತರದ ಜಾಲರಿ ಬಂತು. ಹಿತ್ತಲ ಬಾವಿಯ ಕಟ್ಟೆ ಎತ್ತರಿಸಿದೆವು. ತೋಟದೊಳಗೆ ಅವಳನ್ನು ಬಿಟ್ಟು ಓಡಾಡಿಸುವುದಿಲ್ಲ; ಬಸಿಗಾಲುವೆಗಳು ಅವಳ ಕಣ್ಣಿಗೆ ಬೇಗ ಸಿಕ್ಕುವುದಿಲ್ಲ, ಅಡಿಕೆ ಮರದ ಸಂಕದ ಮೇಲೆ ಅವಳ ಭಾರ ನಿಲ್ಲುವುದಿಲ್ಲ. ಹೊರಗೆ ಹೋಗುವುದಿದ್ದರೆ ಎದೆಪಟ್ಟಿ ಹಾಕಿ ಉದ್ದ ಹಗ್ಗ ಹಿಡಿದೇ. ಕೂಗಿ ಕರೆಯಲಾಗದ ನಾಯಿ ಕಾಡಿನಂಚಿನಲ್ಲಿ ಒಮ್ಮೆ ಕಣ್ಣು ತಪ್ಪಿಸಿದರೆ ಮುಗಿಯಿತು.

ಇನ್ನು ಸನ್ನೆಗಳ ವಿಷಯ. ಮೊದಲು ಕಲಿಸಿದ್ದು ಒಂದೇ: ನಮ್ಮ ಮುಖ ನೋಡುವುದು. ಅವಳಾಗಿಯೇ ತಲೆ ತಿರುಗಿಸಿ ನಮ್ಮತ್ತ ನೋಡಿದಾಗಲೆಲ್ಲ ಬೇಯಿಸಿದ ಕೋಳಿಯ ಚೂರು. ಬೇರೆ ಏನನ್ನೂ ಕೇಳಲಿಲ್ಲ. ಮುಖ ನೋಡುವ ಅಭ್ಯಾಸ ಬಿದ್ದ ಮೇಲೆಯೇ ಉಳಿದದ್ದು: ಎರಡೂ ಕೈ ಅಗಲಿಸಿ ಎದೆಗೆ ತಂದರೆ 'ಬಾ', ಅಂಗೈ ಮೇಲೆತ್ತಿದರೆ 'ಕೂರು', ಅಂಗೈ ಅವಳತ್ತ ತಡೆದು ಹಿಡಿದರೆ 'ನಿಲ್ಲು', ಹೆಬ್ಬೆರಳೆತ್ತಿದರೆ 'ಶಾಭಾಸ್'. ಕಣ್ಣು ಮಂದವಿರುವ ನಾಯಿಗೆ ಬೆರಳ ತುದಿಯ ಸಣ್ಣ ಸನ್ನೆ ಸಾಲದು, ಇಡೀ ತೋಳು ಆಡಬೇಕು. ಕತ್ತಲಾದ ಮೇಲೆ ಟಾರ್ಚನ್ನು ಅವಳ ಮುಂದಿನ ನೆಲಕ್ಕೆ ಎರಡು ಸಲ ಹಾಯಿಸಿದರೆ 'ಒಳಗೆ ಬಾ' ಎಂದರ್ಥ. ಕಣ್ಣಿಗೆ ಬಿಡಬಾರದು.

ಕಷ್ಟವಾದದ್ದು ಮನುಷ್ಯರಿಗೆ ಕಲಿಸುವುದು. ನಮ್ಮವರು ಒಂದು ಥರ ಕೈ ಬೀಸಿದರೆ ಮಗ ಇನ್ನೊಂದು ಥರ, ಅಡಿಕೆ ಕೊನೆ ತೆಗೆಯಲು ಬಂದವರು ಶಿಳ್ಳೆ. ಕೊನೆಗೆ ಅತ್ತೆಯೇ ಎಲ್ಲರನ್ನೂ ಜಗಲಿಯ ಮೇಲೆ ಕೂರಿಸಿದರು. "ಒಬ್ಬೊಬ್ರು ಒಂದೊಂದು ಥರ ಮಾಡಿದ್ರೆ ಅದಕ್ಕೆ ಎಂತ ತಿಳಿಬೇಕಾ ಮಾರಾಯ? ಎಲ್ರೂ ಒಂದೇ ಥರ ಮಾಡಿ" ಎಂದರು. ಸನ್ನೆಗಳ ಚಿತ್ರ ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿದೆವು. ಆಮೇಲೆ ಬೆಳ್ಳಿ ಕಲಿತ ವೇಗ ನೋಡಿ ನಮಗೇ ಬೆರಗು. ಬಾಯಿ ಮುಚ್ಚಿಕೊಂಡು ಸನ್ನೆ ಮಾಡಬೇಡಿ ಎಂಬುದನ್ನೂ ಹೇಳಬೇಕು: ಮಾತಾಡುವಾಗ ನಮ್ಮ ಮುಖ ತಾನಾಗಿ ಅರಳುತ್ತದೆ, ಬಿಗಿಯುತ್ತದೆ. ಅವಳು ಓದುವುದು ಅದನ್ನೇ.

ನಿದ್ದೆಯಲ್ಲಿರುವ ಕಿವುಡು ನಾಯಿಯನ್ನು ಏಕಾಏಕಿ ಮುಟ್ಟಿದರೆ ಬೆಚ್ಚಿ ಕಚ್ಚಬಹುದು. ಇಷ್ಟು ದೊಡ್ಡ ಬಾಯಿಯ ಮುಂದೆ ಮಕ್ಕಳಿರುವ ಮನೆಯಲ್ಲಿ ಅದನ್ನು ಅದೃಷ್ಟಕ್ಕೆ ಬಿಡುವಂತಿಲ್ಲ. ಎಚ್ಚರವಿದ್ದಾಗ ಹಿಂದಿನಿಂದ ಭುಜಕ್ಕೆ ಮೆಲ್ಲಗೆ ಒಂದು ಮುಟ್ಟು, ಕೂಡಲೇ ತಿಂಡಿ. ಅದು ರೂಢಿಯಾದ ಮೇಲೆ ಜೋಂಪಿನಲ್ಲಿದ್ದಾಗ, ಆಮೇಲೆ ನಿದ್ದೆಯಲ್ಲಿದ್ದಾಗ. ಈಗ ಮುಟ್ಟಿದರೆ ಕಣ್ಣು ಬಿಡುವ ಮೊದಲೇ ಬಾಲ ಅಲ್ಲಾಡುತ್ತದೆ. ನೆಲ ಕುಟ್ಟಿ ಎಬ್ಬಿಸುವುದು ನಮ್ಮ ಕೆಂಪು ಗಾರೆ ನೆಲದಲ್ಲಿ ಆಗುವುದಿಲ್ಲ, ಕುಟ್ಟಿದ ಅದುರು ಅವಳವರೆಗೆ ತಲುಪುವುದಿಲ್ಲ. ಹಲಗೆ ಹಾಸಿದ ಕೋಣೆಯಲ್ಲಿ ಆಗುತ್ತದೆ. ಅವಳ ಹಾಸಿಗೆಯನ್ನು ಅಲ್ಲಿಗೇ ಸಾಗಿಸಿದೆವು. ನೆಂಟರ ಮಕ್ಕಳು ಬಂದಾಗ ಆ ಕೋಣೆಯ ಬಾಗಿಲು ಹಾಕಿರುತ್ತದೆ, ಇದರಲ್ಲಿ ರಿಯಾಯಿತಿ ಇಲ್ಲ.

ಮನೆಯಲ್ಲಿ ಮೊದಲೇ ಇದ್ದ ನಾಡುನಾಯಿ ಕರಿಯ ಅವಳಿಗೆ ಕಿವಿಯಾದದ್ದು ನಾವು ಕಲಿಸಿ ಅಲ್ಲ. ಅವನ ಕಿವಿ ನಿಮಿರಿದರೆ ಇವಳು ಎದ್ದು ಅವನು ನೋಡುವ ದಿಕ್ಕಿಗೆ ನೋಡುತ್ತಾಳೆ. ಮಂಗ ಓಡಿಸಲು ತೋಟದಲ್ಲಿ ಗರ್ನಾಲು ಹೊಡೆದರೆ ಕರಿಯ ಮಂಚದಡಿ ಸೇರುತ್ತಾನೆ, ಬೆಳ್ಳಿ ನಿದ್ದೆ ಮುಂದುವರಿಸುತ್ತಾಳೆ. ಸಂಜೆಯಾದ ಮೇಲೆ ಇಬ್ಬರೂ ಒಳಗೆ. ಜಗಲಿಯಲ್ಲಿ ಮಲಗಿದ ನಾಯಿಯನ್ನು ಚಿರತೆ ಹೊತ್ತೊಯ್ಯುವುದು ನಮ್ಮ ಕಡೆ ಹೊಸದಲ್ಲ, ಗಾತ್ರ ನೋಡಿ ಅದು ಬಿಡುತ್ತದೆ ಎಂದು ನಂಬುವುದು ಬೇಡ.

ಮಳೆಗಾಲವೇ ನಿಜವಾದ ಪರೀಕ್ಷೆ. ಭಾರದ ನಾಯಿ ಗಟ್ಟಿ ನೆಲದಲ್ಲಿ ಮಲಗಿದರೆ ಮೊಣಕೈ ಜಡ್ಡುಗಟ್ಟಿ ನೀರು ತುಂಬುತ್ತದೆ. ಹುಲ್ಲು ಹಾಸಿದರೆ ಬೂಷ್ಟು. ದಪ್ಪ ತೆಂಗಿನ ನಾರಿನ ಹಾಸಿಗೆಗೆ ರೆಕ್ಸಿನ್ ಹೊಲಿಸಿ, ಮೇಲೆ ಗೋಣಿ ಹಾಸುತ್ತೇವೆ. ಗೋಣಿಗಳು ಸರದಿಯಲ್ಲಿ ಬಚ್ಚಲ ಒಲೆಯ ಹತ್ತಿರ ಒಣಗುತ್ತವೆ. ಹೊರಗೆ ಹೋಗಿ ಬಂದ ಪ್ರತಿ ಸಲವೂ ಹಳೆ ಪಂಚೆಯಿಂದ ಬೆರಳ ಸಂದು, ತೊಡೆಸಂದು ಒರೆಸಬೇಕು, ಇಂಬಳ (ಜಿಗಣೆ) ಇದೆಯೇ ನೋಡಬೇಕು. ಬಿಳಿ ಚರ್ಮದಲ್ಲಿ ಕೆಂಪು ಬೇಗ ಕಾಣುವುದು ಒಂದು ಅನುಕೂಲ. ಬೇಸಿಗೆಯಲ್ಲಿ ಅದೇ ಚರ್ಮ ಬಿಸಿಲಿಗೆ ಸುಡುತ್ತದೆ, ಹಾಗಾಗಿ ಹತ್ತು ಗಂಟೆಯ ಮೇಲೆ ನೆರಳು.

ಮಳೆ ಮುಗಿದ ಮೇಲೆ ಉಣುಗು. ನಾಯಿಗಳಿಗೆ ಎರ್ಲಿಕಿಯಾ, ಬೆಬೇಸಿಯಾ ಜ್ವರ ತರುವುದು ಅದೇ. ಕಾಡಂಚಿಗೆ ಹೋಗಿಬಂದ ನಾಯಿಯ ಮೈಮೇಲೆ ಉಣುಗು ಮನೆಯೊಳಗೂ ಬರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ, ಉಣುಗು ಕಚ್ಚಿ ಮನುಷ್ಯರಿಗೆ ಬರುವ ಮಂಗನ ಕಾಯಿಲೆಯ ಜಿಲ್ಲೆಯಲ್ಲಿ ಇದನ್ನು ಹಗುರವಾಗಿ ನೋಡುವಂತಿಲ್ಲ. ಉಣುಗಿನ ಮಾತ್ರೆಯನ್ನು ತೂಕದ ಲೆಕ್ಕದಲ್ಲಿ ಕೊಡುವುದು. ದೊಡ್ಡ ನಾಯಿಗೆ ಮಾತ್ರೆಯ ಬೆಲೆಯೂ ದೊಡ್ಡದು, ಜಂತಿನ ಔಷಧಿಯೂ ಹಾಗೇ. ತೂಕಕ್ಕೆ ನಾವು ಅಡಿಕೆ ಚೀಲ ತೂಗುವ ಯಂತ್ರವನ್ನೇ ಬಳಸುತ್ತೇವೆ: ಅದರ ಮೇಲೆ ಹಲಗೆ, ಹಲಗೆಯ ಮೇಲೆ ಬೆಳ್ಳಿ, ಎದುರಿಗೆ ಅಂಗೈ ಎತ್ತಿದ ಮಗ.

ಲಸಿಕೆ, ಸಣ್ಣಪುಟ್ಟ ಗಾಯಕ್ಕೆ ತಾಲ್ಲೂಕಿನ ಪಶು ಆಸ್ಪತ್ರೆ. ರಕ್ತ ಪರೀಕ್ಷೆ, ಎಕ್ಸ್‌ರೇ ಬೇಕಾದಾಗ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು. ಒಮ್ಮೆ ಜ್ವರದಲ್ಲಿ ಅವಳು ಏಳಲೇ ಇಲ್ಲ. ದಪ್ಪ ಜಮಖಾನದ ಮೇಲೆ ಉರುಳಿಸಿ, ನಾಲ್ಕು ಮೂಲೆ ನಾಲ್ಕು ಜನ ಹಿಡಿದು, ಹಿಂದಿನ ಸೀಟು ತೆಗೆದ ಓಮ್ನಿಗೆ ಏರಿಸಿದೆವು. ಆ ಜಮಖಾನ ಈಗ ಬಾಗಿಲ ಹಿಂದಿನ ಗೂಟದಲ್ಲೇ ಇರುತ್ತದೆ. ಪಕ್ಕದ ಮನೆಯ ಗೌಡರಿಗೆ, ಅವರ ಮಗನಿಗೆ ಮೊದಲೇ ಹೇಳಿಟ್ಟಿದ್ದೇವೆ, ಫೋನ್ ಬಂದರೆ ಯಾಕೆ ಎಂದು ಕೇಳದೆ ಬರುತ್ತಾರೆ.

ಈ ತಳಿಯ ಆಯುಷ್ಯ 7ರಿಂದ 10 ವರ್ಷ. ಬೆಳ್ಳಿಯ ಹಿಂಗಾಲು ಈಚೆಗೆ ಸೋಲುತ್ತಿವೆ. ಜಗಲಿಯ ಮೆಟ್ಟಿಲ ಮಗ್ಗುಲಲ್ಲಿ ಇಳಿಜಾರು ಕಟ್ಟಿಸಿ ಮೇಲೆ ನಾರಿನ ಚಾಪೆ ಹೊಡೆದಿದ್ದೇವೆ. ಅಂಥದ್ದೇ ನಾಯಿ ತರುವ ಆಸೆಯಿಂದ ಕೇಳಲು ಬರುವವರಿಗೆ ನಾನು ಮೊದಲು ಕೇಳುವುದು, ಹಗಲು ಮನೆಯಲ್ಲಿ ಯಾರಿರುತ್ತಾರೆ, ರಾತ್ರಿ ಎತ್ತಬೇಕಾದರೆ ಇನ್ನೊಂದು ತುದಿ ಹಿಡಿಯುವವರು ಯಾರು ಎಂದು. ಉತ್ತರ ಇದ್ದವರಿಗೆ, ಒಂದು ದಿನ ಮನೆಗೆ ಬನ್ನಿ, ಇಬ್ಬರೂ ಬನ್ನಿ, ಅವಳನ್ನು ಓಮ್ನಿಗೆ ಹತ್ತಿಸಿ ಇಳಿಸಿ ನೋಡಿ ಎನ್ನುತ್ತೇನೆ. ಸನ್ನೆಗಳನ್ನು ನಾವು ಊಟದ ಹೊತ್ತಿಗೆ ಹೇಳಿಕೊಡುತ್ತೇವೆ.