ಒರಾಂಗುಟಾನ್ ಪರವಾಗಿ ವಾದ ಮಾಡುವುದು ಹೇಗೆ?

ಮೂಟ್ ಕೋರ್ಟ್ ಸ್ಪರ್ಧೆ, ಅಂದರೆ ಕಟ್ಟುಕಥೆಯ ಕೇಸಿನ ಮೇಲೆ ವಿದ್ಯಾರ್ಥಿಗಳು ವಕೀಲರ ಹಾಗೆ ವಾದ ಮಾಡುವ ಸ್ಪರ್ಧೆ, ಹತ್ತಿರ ಬಂದರೆ ಸಾಕು, ಮೈಸೂರಿನ ನನ್ನ ಆಫೀಸಿಗೆ ಲಾ ಕಾಲೇಜಿನ ಹುಡುಗ ಹುಡುಗಿಯರು ಬರುತ್ತಾರೆ. ಈಗೀಗ ಒಂದು ಪ್ರಶ್ನೆ ಜಾಸ್ತಿ: ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳಂಥ ಬುದ್ಧಿವಂತ ಪ್ರಾಣಿಗಳಿಗೆ ಕಾನೂನಿನ ಹಕ್ಕು ಕೊಡಬೇಕಾ? ಕೊಡಬೇಕು ಅನ್ನುವವಳು ನಾನು. ಆ ಕಡೆ ನಿಂತು ವಾದ ಮಾಡುವವರಿಗೆ ನಾನು ಹೇಳಿಕೊಡುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಸಲದ ಸ್ಪರ್ಧೆಯ ಕಥೆ ಹೀಗಿದೆ: ಒಂದು ರೆಸಾರ್ಟಿನಲ್ಲಿ 16 ವರ್ಷದಿಂದ ಒಂದೇ ಒಂದು ಹೆಣ್ಣು ಒರಾಂಗುಟಾನ್ ಇದೆ. ಅದರ ಪರವಾಗಿ ನೀವು ಹೈಕೋರ್ಟಿಗೆ ಹೋಗಿದ್ದೀರಿ.

ಪುಸ್ತಕ ಆಮೇಲೆ ತೆಗೆಯಿರಿ. ಮೊದಲು ಹೋಗಿ ನೋಡಿ. ನಮ್ಮ ಮೈಸೂರು ಮೃಗಾಲಯದಲ್ಲೇ ಒರಾಂಗುಟಾನ್‌ಗಳಿವೆ. ಮಂಗಳವಾರ ರಜೆ, ನೆನಪಿರಲಿ. ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ಒಳಗೆ ಹೋಗಿ, ಪ್ರವಾಸದ ಬಸ್ಸುಗಳು ಬರುವ ಮೊದಲು. ಒಂದೇ ಪ್ರಾಣಿಯ ಮುಂದೆ ಒಂದು ಗಂಟೆ ಕೂತು, ಅದು ಮಾಡಿದ್ದನ್ನಷ್ಟೇ ಬರೆದುಕೊಳ್ಳಿ. ‘ಬೇಜಾರಲ್ಲಿತ್ತು’ ಅಂತ ಬರೆದರೆ ಎದುರಿನವರು ಒಂದೇ ಮಾತಿಗೆ ಹೊಡೆದುಹಾಕುತ್ತಾರೆ. ‘ಗೋಡೆ ಕಡೆ ಮುಖ ಮಾಡಿ ಹನ್ನೊಂದು ನಿಮಿಷ ಕೂತಿತ್ತು’ ಅಂತ ಬರೆದರೆ ಅದನ್ನು ಅಲ್ಲಾಡಿಸಲು ಆಗುವುದಿಲ್ಲ.

ನನ್ನ ನೋಟ್‌ಬುಕ್ಕಿನ ಒಂದು ಪುಟ ಹೇಳುತ್ತೇನೆ. ಜುಲೈ ತಿಂಗಳ ಜಿಟಿಜಿಟಿ ಮಳೆ. ಒರಾಂಗುಟಾನ್ ಕೆಳಗೆ ಬಿದ್ದಿದ್ದ ಗೋಣಿಚೀಲ ಎತ್ತಿಕೊಂಡಿತು. ಎರಡೂ ಕೈಯಲ್ಲಿ ಹಿಡಿದು ಕೊಡವಿತು. ತಲೆ ಮೇಲೆ ಹಾಕಿಕೊಂಡಿತು. ಸರಿಯಾಗಿ ಕೂರಲಿಲ್ಲ. ತೆಗೆದು, ಅಂಚು ಮಡಚಿ, ಮತ್ತೆ ಹಾಕಿಕೊಂಡಿತು. ನಾಟಿ ಹಾಕುವಾಗ ನಮ್ಮಮ್ಮ ಗೋಣಿಕೊಪ್ಪೆ ಹಾಕಿಕೊಳ್ಳುತ್ತಿದ್ದಳಲ್ಲ, ಥೇಟ್ ಹಾಗೇ. ಅದಕ್ಕೆ ತನ್ನ ಮಳೆಯ ಬಗ್ಗೆ ತನ್ನದೇ ತೀರ್ಮಾನ ಇತ್ತು. ನಿಮ್ಮ ವಾದದ ಬುಡ ಇದೇ. ಒಂದು ಪ್ರಾಣಿಗೆ ತನ್ನ ಬದುಕಿನ ಬಗ್ಗೆ ತನ್ನದೇ ತೀರ್ಮಾನಗಳಿದ್ದರೆ, ಅದನ್ನು ಮಾಲೀಕನ ಕುರ್ಚಿ ಮೇಜಿನ ಪಟ್ಟಿಯಲ್ಲಿ ಸೇರಿಸಲು ಬರುವುದಿಲ್ಲ.

ಆದರೆ ಬುದ್ಧಿವಂತಿಕೆ ಒಂದನ್ನೇ ನಂಬಿ ಹೋಗಬೇಡಿ. ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಹ್ಯಾಪಿ ಅನ್ನುವ ಆನೆಯ ಕಥೆ ಓದಿ. ಅದರ ಹಣೆಗೆ ಬಿಳಿ ಬಣ್ಣದಲ್ಲಿ ಗುರುತು ಹಾಕಿ ದೊಡ್ಡ ಕನ್ನಡಿ ಮುಂದೆ ಬಿಟ್ಟರು. ಹ್ಯಾಪಿ ಕನ್ನಡಿ ನೋಡಿಕೊಂಡು ತನ್ನ ಹಣೆಯನ್ನೇ ಸೊಂಡಿಲಿನಿಂದ ಮತ್ತೆ ಮತ್ತೆ ಮುಟ್ಟಿಕೊಂಡಿತು. ಕನ್ನಡಿಯಲ್ಲಿರುವುದು ತಾನೇ ಅಂತ ಅದಕ್ಕೆ ಗೊತ್ತಾಗಿತ್ತು. 2006ರಲ್ಲಿ ಇದು ಪ್ರಕಟವಾಯಿತು. ಆಮೇಲೆ ಹ್ಯಾಪಿ ಪರವಾಗಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಅಕ್ರಮವಾಗಿ ಕೂಡಿಹಾಕಿದವರನ್ನು ಬಿಡಿಸಲು ಕೋರ್ಟಿಗೆ ಕೊಡುವ ಅರ್ಜಿ, ಹಾಕಿದರು. 2022ರ ಜೂನ್‌ನಲ್ಲಿ ಆ ರಾಜ್ಯದ ಅತ್ಯುನ್ನತ ನ್ಯಾಯಾಲಯ 5–2ರಿಂದ ತಳ್ಳಿಹಾಕಿತು. ಆನೆ ದಡ್ಡ ಅಂತ ಯಾರೂ ಹೇಳಲಿಲ್ಲ. ಹೇಬಿಯಸ್ ಕಾರ್ಪಸ್ ಇರುವುದು ಮನುಷ್ಯರಿಗೆ, ಆನೆಗೆ ಕೊಟ್ಟರೆ ಇದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಅನ್ನುವುದು ಬಹುಮತದ ಮಾತು. ಭಿನ್ನ ತೀರ್ಪು ಬರೆದ ಇಬ್ಬರಲ್ಲಿ ರೋವನ್ ವಿಲ್ಸನ್ ಒಬ್ಬರು. ಅವರದ್ದನ್ನು ಪೂರ್ತಿ ಓದಿ, ಸೋತ ಕಡೆಯವರ ಒಳ್ಳೆಯ ವಾದ ಅಲ್ಲಿ ಸಿಗುತ್ತದೆ.

ಈಗ ಗೆದ್ದದ್ದು ನೋಡಿ. ಅರ್ಜೆಂಟೀನಾದ ಮೆಂಡೋಜಾ ಮೃಗಾಲಯದಲ್ಲಿ ಸಿಸಿಲಿಯಾ ಅನ್ನುವ ಚಿಂಪಾಂಜಿ ಇತ್ತು. ಜೊತೆಗಿದ್ದ ಎರಡು ಚಿಂಪಾಂಜಿಗಳು ಸತ್ತು, ಸಿಮೆಂಟಿನ ಜಾಗದಲ್ಲಿ ಒಂಟಿಯಾಗಿ ಉಳಿದಿತ್ತು. 2016ರ ನವೆಂಬರ್‌ನಲ್ಲಿ ನ್ಯಾಯಾಧೀಶೆ ಮರಿಯಾ ಅಲೆಹಾಂದ್ರಾ ಮೌರಿಸಿಯೊ ಅದರ ಹೇಬಿಯಸ್ ಕಾರ್ಪಸ್ ಅರ್ಜಿ ಒಪ್ಪಿದರು. ಮನುಷ್ಯರ ಹಕ್ಕನ್ನೆಲ್ಲ ಚಿಂಪಾಂಜಿಗೆ ಕೊಡುವ ಮಾತಲ್ಲ ಇದು, ಅದರ ಜಾತಿಗೆ ತಕ್ಕ ಹಕ್ಕು ಅಂತ ಬಿಡಿಸಿ ಹೇಳಿದರು. 2017ರ ಏಪ್ರಿಲ್‌ನಲ್ಲಿ ಸಿಸಿಲಿಯಾ ಬ್ರೆಜಿಲ್‌ನ ಸೊರೊಕಾಬಾದ ಆಶ್ರಯಧಾಮಕ್ಕೆ ಹೋಯಿತು.

ನನ್ನ ಸಲಹೆಯ ತಿರುಳು ಇಷ್ಟೇ. ಒಂದು ಪ್ರಾಣಿ, ಒಂದು ಹಕ್ಕು ಕೇಳಿ. ಅದು ಹೋಗಬೇಕಾದ ಒಂದು ಜಾಗ ತೋರಿಸಿ. ಹೋದ ವರ್ಷ ಒಬ್ಬ ಹುಡುಗಿ ತುಂಬಾ ಚೆನ್ನಾಗಿ ವಾದ ಮಾಡುತ್ತಿದ್ದಳು. ಬೆಂಚಿನಿಂದ ಪ್ರಶ್ನೆ ಬಂತು: ‘ಕೋಳಿಗೂ ಕೊಡಬೇಕೇನಮ್ಮ?’ ಅವಳು ‘ಎಲ್ಲಾ ಪ್ರಾಣಿಗೂ ಕೊಡಬೇಕು, ಸ್ವಾಮಿ’ ಅಂದುಬಿಟ್ಟಳು. ಅಲ್ಲಿಂದ ಮುಂದೆ ಇಪ್ಪತ್ತು ನಿಮಿಷ ಕೋಳಿಯದ್ದೇ ಮಾತು, ಒರಾಂಗುಟಾನ್ ಮರೆತೇಹೋಯಿತು. ನೀವು ಹೀಗೆ ಹೇಳಿ: ‘ಇವತ್ತು ನನ್ನ ಕಕ್ಷಿದಾರರು ಒಬ್ಬರೇ, ಸ್ವಾಮಿ. ಕೋಳಿಯ ಪರ ಅರ್ಜಿ ಬಂದಾಗ ಕೋಳಿಯ ಸಾಕ್ಷ್ಯ ನೋಡಿ ತೀರ್ಮಾನಿಸಬಹುದು.’ ಇದು ನುಣುಚಿಕೊಳ್ಳುವ ಉತ್ತರ ಅಲ್ಲ. ಇಕ್ಕಟ್ಟಿನ ಪಂಜರದಲ್ಲಿ ರೆಕ್ಕೆ ಬಿಚ್ಚಲಾಗದ ಕೋಳಿಯ ಬಗ್ಗೆ ನನಗೂ ಸಂಕಟ ಇದೆ. ಆದರೆ ಕೋರ್ಟು ಮುಂದಿರುವ ಕಾಗದವನ್ನು ಮಾತ್ರ ನೋಡುತ್ತದೆ.

‘ಕರ್ತವ್ಯ ಮಾಡಲಾಗದವರಿಗೆ ಹಕ್ಕು ಎಲ್ಲಿಂದ?’ ಅಂತ ಖಂಡಿತ ಕೇಳುತ್ತಾರೆ. 2014ರಲ್ಲಿ ಟಾಮಿ ಅನ್ನುವ ಚಿಂಪಾಂಜಿಯ ಕೇಸನ್ನು ನ್ಯೂಯಾರ್ಕಿನ ಮೇಲ್ಮನವಿ ನ್ಯಾಯಾಲಯ ಇದೇ ಕಾರಣ ಕೊಟ್ಟು ತಳ್ಳಿಹಾಕಿತ್ತು. ಇದಕ್ಕೆ ಉತ್ತರ ನಮ್ಮ ಮನೆಯಲ್ಲೇ ಇದೆ. ಆರು ತಿಂಗಳ ಕೂಸಿನ ಹೆಸರಲ್ಲಿ ಆಸ್ತಿ ಇರುವುದಿಲ್ಲವಾ? ಗಾರ್ಡಿಯನ್ ನೋಡಿಕೊಳ್ಳುತ್ತಾರೆ. ನಮ್ಮೂರ ದೇವಸ್ಥಾನದ ಗದ್ದೆಯ ಪಹಣಿ ನನ್ನ ಹತ್ತಿರ ಇದೆ, ಮಾಲೀಕರ ಕಾಲಂನಲ್ಲಿ ದೇವರ ಹೆಸರೇ ಇದೆ. ವಿಗ್ರಹವೂ ಕಾನೂನಿನ ಕಣ್ಣಲ್ಲಿ ಒಬ್ಬ ‘ವ್ಯಕ್ತಿ’ ಅಂತ 1925ರಲ್ಲೇ ಪ್ರಿವಿ ಕೌನ್ಸಿಲ್, ಬ್ರಿಟಿಷರ ಕಾಲದ ನಮ್ಮ ಕೊನೆಯ ಮೇಲ್ಮನವಿ ಕೋರ್ಟು, ಹೇಳಿದೆ. ಕಂಪನಿಯೂ ಹಾಗೇ. ಅಂದಮೇಲೆ ಕಾನೂನಿನಲ್ಲಿ ‘ವ್ಯಕ್ತಿ’ ಅಂದರೆ ಮನುಷ್ಯ ಅಂತಲೇ ಆಗಬೇಕಿಲ್ಲ. ಸಾಧ್ಯವಾದರೆ ನಿಮ್ಮೂರಿನದ್ದೇ ಒಂದು ಪಹಣಿ ತೆಗೆಸಿ ಮೆಮೋರಿಯಲ್‌ಗೆ, ಅಂದರೆ ನಿಮ್ಮ ಲಿಖಿತ ವಾದಕ್ಕೆ, ಲಗತ್ತಿಸಿ. ಇದನ್ನು ನೋಡಿ ಬೆಂಚು ಮುಂದಕ್ಕೆ ಬಾಗಿದ್ದನ್ನು ನಾನು ಕಂಡಿದ್ದೇನೆ.

ನಮ್ಮ ದೇಶದ ತೀರ್ಪುಗಳಲ್ಲಿ ಹುಷಾರಾಗಿರಿ. 2014ರ ಜಲ್ಲಿಕಟ್ಟು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸಂವಿಧಾನದ 21ನೇ ವಿಧಿಯ ‘ಜೀವ’ ಅನ್ನುವ ಪದವನ್ನು ಪ್ರಾಣಿಗಳವರೆಗೂ ಚಾಚಿತ್ತು. 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ಇಡೀ ಪ್ರಾಣಿಲೋಕಕ್ಕೇ ಕಾನೂನಿನ ವ್ಯಕ್ತಿತ್ವ ಇದೆ ಅಂದಿತು. ಎಲ್ಲರೂ ಇವೆರಡನ್ನು ಹಿಡಿದು ಬರುತ್ತಾರೆ, 2023ರ ಮೇ ತಿಂಗಳ ತೀರ್ಪು ಬಿಟ್ಟುಬಿಡುತ್ತಾರೆ. ಜಲ್ಲಿಕಟ್ಟು, ನಮ್ಮ ಕಂಬಳ ಎರಡನ್ನೂ ಉಳಿಸಿದ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಪ್ರಾಣಿಗಳಿಗೆ ಮೂಲಭೂತ ಹಕ್ಕು ಕೊಡಲು ಪೂರ್ವನಿದರ್ಶನ ಇಲ್ಲ, ಅದು ಶಾಸನಸಭೆಯ ಕೆಲಸ ಅಂದಿದೆ. ಇದನ್ನು ಎದುರು ಕಡೆಯವರು ಎತ್ತುವ ಮೊದಲು ನೀವೇ ಓದಿ ಹೇಳಿ. ಆಮೇಲೆ, ‘ನಾವು ಮೂಲಭೂತ ಹಕ್ಕು ಕೇಳುತ್ತಿಲ್ಲ, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 3ನೇ ಕಲಂ ಸಾಕಿದವರ ಮೇಲೆ ಹೊರಿಸಿದ ಕರ್ತವ್ಯ ಯಾರಿಗೆ ಸಲ್ಲಬೇಕೋ, ಅವರ ಹೆಸರಲ್ಲೇ ಅರ್ಜಿ ಹಾಕಲು ಅವಕಾಶ ಕೇಳುತ್ತಿದ್ದೇವೆ’ ಅನ್ನಿ.

ಅದೇ ಕಾಯ್ದೆಯ 11ನೇ ಕಲಂನಲ್ಲಿ ಮೊದಲ ಸಲದ ಕ್ರೌರ್ಯಕ್ಕೆ ದಂಡ ಎಷ್ಟು ಗೊತ್ತಾ? 10 ರೂಪಾಯಿಯಿಂದ 50 ರೂಪಾಯಿ. ಇದನ್ನು ಹೇಳುವಾಗ ಧ್ವನಿ ಏರಿಸಬೇಡಿ. ಅಂಕಿ ಹೇಳಿ, ಎರಡು ಕ್ಷಣ ಸುಮ್ನೆ ನಿಂತುಕೊಳ್ಳಿ.

ಇನ್ನೊಂದು ಮಾತು, ನಿಮ್ಮ ಕಕ್ಷಿದಾರರು ಯಾವ ಪ್ರಾಣಿ ಅನ್ನುವುದು ಸರಿಯಾಗಿ ಗೊತ್ತಿರಲಿ. ಚಿಂಪಾಂಜಿ ಗುಂಪಿನ ಪ್ರಾಣಿ, ಒಂಟಿತನವೇ ಅದಕ್ಕೆ ಶಿಕ್ಷೆ. ಒರಾಂಗುಟಾನ್ ಕಾಡಿನಲ್ಲೂ ಬಹುಪಾಲು ಒಂಟಿ. ‘ಒಂಟಿ ಇಟ್ಟರೆ ಏನು ತಪ್ಪು?’ ಅಂತ ಕೇಳಿದಾಗ ತಡವರಿಸಬೇಡಿ. ಮರಿ ಏಳೆಂಟು ವರ್ಷ ತಾಯಿಯ ಜೊತೆ ಇರುತ್ತದೆ, ಯಾವ ಮರದಲ್ಲಿ ಯಾವಾಗ ಹಣ್ಣು ಅಂತ ಅಲ್ಲೇ ಕಲಿಯುತ್ತದೆ, ದಿನಾ ಹೊಸದಾಗಿ ಮಲಗುವ ಗೂಡು ಕಟ್ಟುತ್ತದೆ. ರೆಸಾರ್ಟಿನ ಸಿಮೆಂಟು ಕಿತ್ತುಕೊಂಡದ್ದು ಇದನ್ನೆಲ್ಲ.

ಬಿಡುಗಡೆ ಅಂದರೆ ಕಾಡಿಗೆ ಬಿಡುವುದು ಅಂತ ಬರೆದರೆ ಕೇಸು ಬಿದ್ದುಹೋಗುತ್ತದೆ. ಸಾಕಿದ ಪ್ರಾಣಿ ಕಾಡಿನಲ್ಲಿ ಬದುಕುವುದು ಕಷ್ಟ. ಬ್ಯೂನಸ್ ಐರಿಸ್‌ನ ಸಾಂಡ್ರಾ ಜರ್ಮನಿಯ ಮೃಗಾಲಯದಲ್ಲಿ ಹುಟ್ಟಿದ ಒರಾಂಗುಟಾನ್. ಅದರಲ್ಲಿ ಬೋರ್ನಿಯೊ, ಸುಮಾತ್ರಾ ಎರಡೂ ಕಡೆಯ ರಕ್ತ ಬೆರೆತಿದೆ, ಎರಡೂ ಕಾಡು ಅದು ಕಂಡಿಲ್ಲ. 2015ರಲ್ಲಿ ನ್ಯಾಯಾಧೀಶೆ ಎಲೆನಾ ಲಿಬೆರಾತೊರಿ ಅದನ್ನು ‘ಮನುಷ್ಯರಲ್ಲದ ವ್ಯಕ್ತಿ’ ಅಂತ ಒಪ್ಪಿದರು. ಹೋಗಲು ಜಾಗ ಗೊತ್ತುಮಾಡಿ, ಫ್ಲಾರಿಡಾದ ವಾನರಧಾಮ ಸೇರುವಷ್ಟರಲ್ಲಿ 2019ರ ನವೆಂಬರ್ ಆಗಿತ್ತು. ನಾಲ್ಕು ವರ್ಷ! ಅದಕ್ಕೇ ಜಾಗದ ಹೆಸರು ಮೊದಲ ದಿನವೇ ಅರ್ಜಿಯಲ್ಲಿರಲಿ.

ಕೊನೆಗೆ ಪ್ರೇಯರ್, ಅಂದರೆ ಕೋರ್ಟಿನಿಂದ ನೀವು ಕೇಳುವ ಆದೇಶ. ನಾನು ಬರೆಸುವುದು ಹೀಗೆ: ‘ಅರ್ಜಿದಾರಳಾದ ಒರಾಂಗುಟಾನ್ ಯಾರ ಸೊತ್ತೂ ಅಲ್ಲವೆಂದು ಘೋಷಿಸಬೇಕು. ರೆಸಾರ್ಟಿನವರಲ್ಲದ ಒಬ್ಬರನ್ನು ಅವಳ ಗಾರ್ಡಿಯನ್ ಆಗಿ ನೇಮಿಸಬೇಕು. ಮರ ಹತ್ತಲು, ಗೂಡು ಕಟ್ಟಲು, ಬೇಕೆಂದಾಗ ಜನರ ಕಣ್ಣಿಂದ ಮರೆಯಾಗಲು ಅವಕಾಶವಿರುವ, ಅನುಬಂಧದಲ್ಲಿ ಹೆಸರಿಸಿದ ಧಾಮಕ್ಕೆ ಅವಳನ್ನು ತೊಂಬತ್ತು ದಿನದೊಳಗೆ ಕಳುಹಿಸಬೇಕು. ಅಲ್ಲಿಯವರೆಗೆ ಪ್ರದರ್ಶನ ನಿಲ್ಲಿಸಬೇಕು.’